‘ಹೊಳ್ಳುವ ಮರ’: ಬಿಲ್ಲಿನ ಕಟ್ಟಿಗೆಗೆ ಈ ಮಾತು ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಧಾರವಾಡದಿಂದ ಬರೆಯುತ್ತಿದ್ದೇನೆ. ಬಿಲ್ಲು ಮಾಡೋಕೆ ಎಂಥ ಮರ ಆರಿಸಬೇಕು ಅಂತ ಹೈಸ್ಕೂಲು ಮಕ್ಕಳಿಗೆ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಒಂದು ಪದಕ್ಕೆ ತಡೆದು ನಿಂತಿದ್ದೇನೆ. ಬಗ್ಗಿಸಿ ಬಿಟ್ಟರೆ ಮೊದಲಿನಂತೆ ನೆಟ್ಟಗಾಗುವ ಗುಣಕ್ಕೆ ಪಾಠಪುಸ್ತಕದಲ್ಲಿ ‘ಸ್ಥಿತಿಸ್ಥಾಪಕತ್ವ’ ಅಂತಿದೆ. ಮಗಳಿಗೆ ಓದಿ ಹೇಳಿದೆ. ‘ಅಂದ್ರ ಏನು?’ ಅಂದಳು.

ಹೋದ ವಾರ ಕಲಘಟಗಿ ಕಡೆಯ ಒಬ್ಬ ಬಡಿಗರ ಹತ್ತಿರ ಹೋಗಿದ್ದೆ. ಅವರಲ್ಲಿ ದಡಸಲು ಮರದ ಎರಡು ಕೋಲು ಇದ್ದವು. ಒಂದು ಹಸಿ. ಇನ್ನೊಂದು ವರ್ಷದಿಂದ ನೆರಳಲ್ಲಿ ಒಣಗಿದ್ದು. (ಈ ಮರಕ್ಕೆ ಸಂಸ್ಕೃತದಲ್ಲಿ ‘ಧನ್ವನ’ ಅನ್ನುತ್ತಾರೆ. ಬಿಲ್ಲಿನ ನಂಟು ಹೆಸರಲ್ಲೇ ಇದೆ.) ಹಸಿ ಕೋಲಿನ ತುದಿಯನ್ನು ಪಾದದಡಿ ಒತ್ತಿ ಹಿಡಿದು, ಮೇಲಿನ ತುದಿ ಜಗ್ಗಿ ಬಗ್ಗಿಸಿ ಬಿಟ್ಟರು. ಆಮೇಲೆ ಅದನ್ನು ಹಲಗೆ ಮೇಲಿಟ್ಟು ನಡುವಿನ ಸಂದಿಗೆ ಬೆರಳು ತೂರಿಸಿದರು. ಎರಡು ಬೆರಳು ಸಲೀಸಾಗಿ ಹೋದವು. ಒಣಗಿದ್ದನ್ನೂ ಹಾಗೇ ಮಾಡಿದರು. ಒಂದು ಬೆರಳೂ ಹೋಗಲಿಲ್ಲ.

‘ನೋಡ್ರಿ, ಅದು ಬಾಗತೈತಿ, ಹೊಳ್ಳಂಗಿಲ್ಲ. ಇದು ಹೊಳ್ಳತೈತಿ’ ಅಂದರು.

ನನಗೆ ಬೇಕಾದ ಮಾತು ಇದೇ ಅನ್ನಿಸಿತು. ‘ಹೊಳ್ಳಿ ಬಾ’, ‘ಗಾಡಿ ಹೊಳ್ಳಿಸು’ ಅಂತ ನಾವು ದಿನಾ ಅನ್ನೋದೇ. ‘ಹೊರಳು’ ಅನ್ನೋದು ಇಲ್ಲಿ ‘ಹೊಳ್ಳು’ ಆಗಿದೆ. ನೆರಳು ನೆಳ್ಳಾದ ಹಾಗೆ, ಪಂಚಮಿಯ ಅರಳು ಅಳ್ಳಾದ ಹಾಗೆ. ಆದರೆ ಮೈಸೂರು ಕಡೆಯ ಮಗು ‘ಹೊರಳುವ ಮರ’ ಅಂತ ಓದಿದರೆ ಉರುಳಾಡುವ ಮರ ಅಂದುಕೊಳ್ಳಬಹುದು ಅಲ್ವಾ? ‘ಮರಳುವ ಮರ’ ಅಂದರೆ ಉಸುಕು ನೆನಪಾಗುತ್ತದೆ. ‘ಪುಟಿ’ ಚೆಂಡಿಗೆ ಸರಿ, ಕೋಲಿಗೆ ಹೊಂದೋದಿಲ್ಲ.

‘ಬಳುಕು’ ಅಂತ ಬರೆದುಬಿಡಿ ಅಂತ ಒಬ್ಬರು ಹೇಳಿದರು. ಇದನ್ನು ನಾನು ಒಪ್ಪಲಾರೆ. ಬಳುಕುವುದು ಬಳ್ಳಿ. ಅದರಲ್ಲಿ ಮೆತ್ತಗಿನ ಗುಣ ಇದೆ, ಕಸುವು ಇಲ್ಲ. ‘ಮಣಿ’ ಅಂದರೆ ಸೋತು ಬಾಗಿ ಹಾಗೇ ಉಳಿಯೋದು. ಆ ಹಸಿ ಕೋಲು ಮಾಡಿದ್ದು ಅದನ್ನೇ. ಬಿಲ್ಲಿನ ಮರ ಬಗ್ಗಿಸುವಾಗ ಕೈಗೆ ಎದುರು ಒತ್ತಬೇಕು, ಬಿಟ್ಟ ಕೂಡಲೇ ಹೊಳ್ಳಬೇಕು. ಬಾಣ ಹಾರೋದು ಆ ಹೊಳ್ಳುವ ಬಲದಿಂದಲೇ. ಹಾಗಾಗಿ ಪುಸ್ತಕದಲ್ಲಿ ‘ಹೊಳ್ಳುವ ಗುಣ’ ಅಂತಲೇ ಇಟ್ಟು, ಮೊದಲ ಸಲ ಬಂದಲ್ಲಿ ಬಿಡಿಸಿ ಹೇಳೋಣ ಅಂತಿದ್ದೇನೆ. ‘ಹೊಳ್ಳಿಕೆ’ ಅಂತ ನಾಮಪದ ಮಾಡಿದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಇನ್ನೊಂದು ಪದವೂ ಬೇಕು. ಮರದ ಒಳಗಿನ ಗಟ್ಟಿ ಭಾಗಕ್ಕೆ ಕೆಚ್ಚು, ಚೇಗು ಅಂತ ಎರಡು ಹೆಸರಿವೆ. ಅದರ ಸುತ್ತ, ತೊಗಟೆಗೆ ತಾಗಿ ಇರುವ ಬಿಳಿ ಮರಕ್ಕೆ ಏನನ್ನುತ್ತೀರಿ? ಬಡಿಗರನ್ನು ಕೇಳಿದೆ. ‘ಬಿಳೇದು ತೆಗದ ಬಿಡ್ರಿ, ಹುಳ ಹತ್ತತೈತಿ’ ಅಂದರು. ಬಾಗಿಲು, ಕಿಟಕಿಗೆ ಆ ಮಾತು ಸರಿ. ಬಿಲ್ಲಿನ ಲೆಕ್ಕ ಬೇರೆ. ಇಂಗ್ಲೆಂಡಿನವರು ಯೂ ಮರದಲ್ಲಿ ಉದ್ದ ಬಿಲ್ಲು ಮಾಡುವಾಗ ಬಿಳಿ ಮರವನ್ನು ಗುರಿಯ ಕಡೆಗೆ, ಕೆಚ್ಚನ್ನು ತಮ್ಮ ಕಡೆಗೆ ಬರುವಂತೆ ಕೆತ್ತುತ್ತಿದ್ದರು. ಹೆದೆ ಎಳೆದಾಗ ಗುರಿಯ ಕಡೆಯ ಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಯ ಮೈ ಕುಗ್ಗುತ್ತದೆ. ಹಿಗ್ಗನ್ನು ಬಿಳಿ ಮರ ತಾಳಿಕೊಳ್ಳುತ್ತದೆ, ಕುಗ್ಗನ್ನು ಕೆಚ್ಚು. ಬಿದಿರಿನಲ್ಲೂ ಗಟ್ಟಿ ನಾರೆಲ್ಲ ಹೊರಸಿಪ್ಪೆಯ ಹತ್ತಿರವೇ ಜಾಸ್ತಿ. ಅದಕ್ಕೇ ಸಿಪ್ಪೆಯ ಮೈ ಗುರಿಯ ಕಡೆಗಿರಬೇಕು.

ಹೀಗೆ ಅರ್ಧ ಬಿಲ್ಲನ್ನು ಹೊರುವ ಭಾಗವನ್ನು ಸುಮ್ನೆ ‘ಬಿಳೇದು’ ಅಂತ ಬರೆಯಲು ಮನಸ್ಸಾಗುತ್ತಿಲ್ಲ. ಹಾನಗಲ್ಲು, ಶಿಗ್ಗಾಂವಿ, ಮುಂಡರಗಿ ಕಡೆಯವರು ನಿಮ್ಮೂರ ಬಡಿಗರ ಬಾಯಲ್ಲಿ ಇದಕ್ಕೊಂದು ಹೆಸರು ಕೇಳಿದ್ದರೆ, ಅವರು ಹೇಳಿದ ಹಾಗೇ ಬರೆದು ತಿಳಿಸಿ.