ಅಪ್‌ಡೇಟ್: ಕಬ್ಬಿಣದ ಮಾತ್ರೆ, ನನ್ನ ಚಹಾ, ಅತ್ತೆಯ ಉಪ್ಪು

ಮೂರು ತಿಂಗಳ ಹಿಂದೆ ಕೇಳಿದ್ದೆ: ಹಿಮೋಗ್ಲೋಬಿನ್ 9.4 ಇದೆ, ಕಬ್ಬಿಣ, ಕ್ಯಾಲ್ಸಿಯಂ ಎರಡೂ ಮಾತ್ರೆ ತಗೊಂಡರೂ ಯಾಕೆ ಏರ್ತಿಲ್ಲ ಅಂತ. ಈಗ 11.6!

ತಪ್ಪು ನನ್ನದೇ. ಮುಂಬೈ ಹತ್ತಿರದ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲಿ ಎರಡನ್ನೂ ಚಹಾದ ಜೊತೆಗೇ ನುಂಗುತ್ತಿದ್ದೆ. ಚಹಾದ ಟ್ಯಾನಿನ್ನೂ ಕ್ಯಾಲ್ಸಿಯಮ್ಮೂ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲವಂತೆ. ಡಾಕ್ಟರ್ ಹೇಳಿದ ಮೇಲೆ ಕಬ್ಬಿಣ ಬೆಳಿಗ್ಗೆ ನಿಂಬೆರಸದ ನೀರಿನ ಜೊತೆ, ಚಹಾ ಒಂದು ಗಂಟೆ ಬಿಟ್ಟು (ಆ ಒಂದು ಗಂಟೆ ನನ್ನ ಹತ್ತಿರ ಯಾರೂ ಮಾತಾಡಬೇಡಿ), ಕ್ಯಾಲ್ಸಿಯಂ ರಾತ್ರಿ ಊಟಕ್ಕೆ. ಮಲ ಕಪ್ಪಾಯಿತು; ಈ ಮಾತ್ರೆಗೆ ಅದು ಮಾಮೂಲಿ.

ರಾಗಿ ಹೇಳಿದವರಿಗೆ ಥ್ಯಾಂಕ್ಸ್. ಇಲ್ಲಿನ ಅಂಗಡಿಯಲ್ಲಿ ‘ನಾಚಣಿ’ ಅಂತ ಕೇಳಬೇಕು. 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ. ಮೊಳಕೆ ಕಟ್ಟಿಸಿ ಬೀಸಿದರೆ ಫೈಟೇಟ್ (ಖನಿಜ ಮೈಗೆ ಹತ್ತದಂತೆ ತಡೆಯುವ ಅಂಶ) ಕಡಿಮೆಯಾಗಿ ಖನಿಜ ಚೆನ್ನಾಗಿ ದಕ್ಕುತ್ತದೆ. ಅಂಬಲಿ ಮಕ್ಕಳೂ ಕುಡೀತಾರೆ, ಮುದ್ದೆ ಮಾತ್ರ ಮುಟ್ಟಲ್ಲ.

ಆದರೆ ಒಬ್ಬರು ‘ಮನೆಮಂದಿಗೆಲ್ಲ ಕಡಿಮೆ ಸೋಡಿಯಂ ಉಪ್ಪು ಬಳಸಿ’ ಅಂದಿದ್ದರಲ್ಲ, ಅದನ್ನು ಕೈಬಿಟ್ಟೆವು. ಅದರಲ್ಲಿ ಸೋಡಿಯಂ ಉಪ್ಪಿನ ಒಂದು ಭಾಗದ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ನಮ್ಮತ್ತೆಗೆ ಕ್ರಿಯಾಟಿನಿನ್ ಜಾಸ್ತಿ, ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ; ಮೇಲೆ ಬಿಪಿಗೆ ಟೆಲ್ಮಿಸಾರ್ಟನ್ ಮಾತ್ರೆ. ಎರಡೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವಂಥವೇ. ಅತಿಯಾದರೆ ಹೃದಯದ ಬಡಿತವೇ ತಪ್ಪುತ್ತದೆ. ಪ್ಯಾಕೆಟ್ ತಂದಾಗಿತ್ತು, ಒಡೆಯಲಿಲ್ಲ.

ಮಾತ್ರೆ ಇನ್ನೂ ಮೂರು ತಿಂಗಳು ನಿಲ್ಲಿಸುವಂತಿಲ್ಲ, ಮೈಯೊಳಗಿನ ಕಬ್ಬಿಣದ ದಾಸ್ತಾನು ತುಂಬಬೇಕಂತೆ. ಆ ದಾಸ್ತಾನು ಅಳೆಯುವ ಫೆರಿಟಿನ್ ಪರೀಕ್ಷೆ ಆಮೇಲೆ.