ಇದು ಅತಿ ದುಡಿಮೆಯೋ, ನನ್ನ ಸೋಮಾರಿತನವೋ? ಶಿರಸಿ ಕಡೆಯ ಪ್ರಶ್ನೆಗೆ ಬಂದ ಅನುಭವಗಳು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಸಿದ್ದಾಪುರದ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮೂರು. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಕೊರೋನಾ ಕಾಲದಲ್ಲಿ ಬಂದವನು ಇಲ್ಲಿಯೇ ಉಳಿದೆ. ಅಪ್ಪನಿಗೆ ವಯಸ್ಸಾಗಿರುವುದರಿಂದ ಅಡಿಕೆ ತೋಟದ ಉಸ್ತುವಾರಿಯೂ ನನ್ನದೇ. ಹೆಂಡತಿ ಪ್ರೌಢಶಾಲೆಯಲ್ಲಿ ಶಿಕ್ಷಕಿ, ಮಗಳು ಎರಡನೇ ತರಗತಿ. ಬೆಳಿಗ್ಗೆ ತೋಟ, ಹತ್ತರಿಂದ ಲ್ಯಾಪ್‌ಟಾಪ್, ರಾತ್ರಿ ಅಮೆರಿಕದವರ ಮೀಟಿಂಗ್. ಮಳೆಗಾಲದಲ್ಲಿ ಕರೆಂಟ್ ಹೋದರೆ ಫೋನ್ ಹಿಡಿದು ಗುಡ್ಡ ಹತ್ತುತ್ತೇನೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿಯೂ ಕಿವಿಯಲ್ಲಿ ಮೀಟಿಂಗ್ ಇತ್ತು. ಊರವರ ಕಣ್ಣಿಗೆ ನಾನು ಮನೆಯಲ್ಲಿ ಕುಳಿತು ಸಂಬಳ ಎಣಿಸುವ ಪುಣ್ಯವಂತ. ಈಚೆಗೆ ಯಾವುದರಲ್ಲಿಯೂ ಮನಸ್ಸು ನಿಲ್ಲುತ್ತಿಲ್ಲ. ಮಗಳು ಏನಾದರೂ ಕೇಳಿದರೆ ರೇಗುತ್ತೇನೆ. ದುಡಿಮೆ ಅತಿಯಾಗಿದೆಯೋ, ನನಗೇ ಮೈಗಳ್ಳತನವೋ ತಿಳಿಯುತ್ತಿಲ್ಲ. ಇಂಥದ್ದನ್ನು ದಾಟಿದವರು ಏನು ಮಾಡಿದಿರಿ ಹೇಳಿ.

ಕುಮಟಾದಿಂದ, ಬ್ಯಾಂಕಿನಿಂದ ನಿವೃತ್ತರಾದವರು

ಮೈಗಳ್ಳನಿಗೆ ಈ ಅನುಮಾನವೇ ಬರುವುದಿಲ್ಲ. ಆ ಮಾತನ್ನು ಇಲ್ಲಿಗೇ ಬಿಡಿ.

ಬ್ಯಾಂಕಿನಲ್ಲಿ ಮಾರ್ಚ್ ಎಂದರೆ ಲೆಕ್ಕದ ವರ್ಷದ ಕೊನೆ. ಆ ತಿಂಗಳು ರಾತ್ರಿ ಹತ್ತಾದರೂ ಶಾಖೆಯ ದೀಪ ಆರುವುದಿಲ್ಲ. ಅದರಿಂದ ಯಾರೂ ಹಾಳಾಗಿದ್ದನ್ನು ನಾನು ಕಂಡಿಲ್ಲ, ಏಕೆಂದರೆ ಹಿಂದೆಯೇ ಏಪ್ರಿಲ್ ಬರುತ್ತದೆ. ತೊಂದರೆ ಶುರುವಾದದ್ದು ಹನ್ನೆರಡು ತಿಂಗಳೂ ಮಾರ್ಚ್ ಆದಾಗ. ವಸೂಲಿಯ ಗುರಿ, ವಿಮೆ ಮಾರುವ ಗುರಿ, ಹೊಸ ಖಾತೆಗಳ ಗುರಿ. ಭಾನುವಾರ ಬೆಳಿಗ್ಗೆ ದೋಸೆ ಬಾಯಿಗಿಡುವಾಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೇಲಧಿಕಾರಿಯ 'ಎಷ್ಟಾಯಿತು?'

ನನ್ನಲ್ಲಿ ಮೊದಲು ಕೆಟ್ಟದ್ದು ನಿದ್ದೆಯಲ್ಲ, ಓದು. ಸಾಲದ ಕಡತದ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದರೂ ಜಾಮೀನುದಾರ ಯಾರೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಆಮೇಲೆ ಬಂದದ್ದು ಜನರ ಮೇಲಿನ ತಾತ್ಸಾರ. ಪಿಂಚಣಿಗೆ ಬರುವ ಒಬ್ಬ ಅಜ್ಜಿ ಪಾಸ್‌ಬುಕ್ಕನ್ನು ಒಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿಟ್ಟು, ಅದನ್ನು ಇನ್ನೊಂದರಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ ತರುತ್ತಿದ್ದರು. ಅವರು ಅದನ್ನು ಬಿಚ್ಚಿ ಮುಗಿಸುವವರೆಗೆ ನಾನು ಬಂಗಡೆ ಮೀನಿನ ದರ ವಿಚಾರಿಸುವುದು ರೂಢಿ. ಆ ವರ್ಷ ಆ ಗಂಟು ಕಂಡರೆ ಸಾಕು, ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿತ್ತು. ಅಜ್ಜಿ ಬದಲಾಗಿರಲಿಲ್ಲ. ಕೊನೆಯದಾಗಿ, ದಿನವಿಡೀ ದುಡಿದ ಮೇಲೂ 'ಇವತ್ತು ಏನೂ ಆಗಲಿಲ್ಲ' ಎನ್ನಿಸುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ, ಅಂದರೆ ದುಡಿದು ದುಡಿದು ಬರಿದಾಗುವುದಕ್ಕೆ, ಕೊಟ್ಟ ಲಕ್ಷಣಗಳೂ ಹೆಚ್ಚುಕಡಿಮೆ ಇವೇ: ಶಕ್ತಿ ಬಸಿದುಹೋದಂಥ ಬಳಲಿಕೆ, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ, ಕೈಯಿಂದ ಏನೂ ಆಗುತ್ತಿಲ್ಲ ಎಂಬ ಭಾವ. ಗಮನಿಸಬೇಕಾದದ್ದೆಂದರೆ ಅದನ್ನು ಅವರು ರೋಗ ಎಂದು ಕರೆದಿಲ್ಲ. ಸರಿಯಾಗಿ ನಿಭಾಯಿಸದೆ ಉಳಿದ ಕೆಲಸದ ಒತ್ತಡದ ಫಲ ಎಂದಿದ್ದಾರೆ. ಹಾಗಿದ್ದ ಮೇಲೆ ಮದ್ದನ್ನು ನಿಮ್ಮೊಳಗೆ ಮಾತ್ರ ಹುಡುಕಿದರೆ ಸಿಗದು. ನಾನು ಧ್ಯಾನದ ಶಿಬಿರಕ್ಕೂ ಹೋಗಿಬಂದೆ. ಚೆನ್ನಾಗಿಯೇ ಇತ್ತು. ಸೋಮವಾರ ಅದೇ ಕುರ್ಚಿ, ಅದೇ ಗುರಿ.

ಉಪಯೋಗಕ್ಕೆ ಬಂದದ್ದು ಎರಡು. ಸಾಲದ ವಿಭಾಗಕ್ಕೆ ಇನ್ನೊಬ್ಬರು ಬೇಕೆಂದು ಬಾಯಲ್ಲಿ ಗೊಣಗುವುದನ್ನು ಬಿಟ್ಟು ಬರೆದು ಕೊಟ್ಟೆ. ತಡವಾಗಿಯಾದರೂ ಒಬ್ಬ ಹುಡುಗ ಬಂದ. ಇನ್ನೊಂದು, ಶನಿವಾರ ರಾತ್ರಿಯ ತಾಳಮದ್ದಲೆ, ಅಂದರೆ ವೇಷ, ಕುಣಿತವಿಲ್ಲದೆ ಕುಳಿತು ಅರ್ಥ ಹೇಳುವ ಯಕ್ಷಗಾನ. ಭಾಗವತರು ಪದ ಮುಗಿಸಿ ನಿಮ್ಮ ಮುಖ ನೋಡುತ್ತಿರುವಾಗ ಫೋನ್ ತೆಗೆಯಲು ಬರುವುದಿಲ್ಲ. ಒಬ್ಬರೇ ಮಾಡುವ ವಾಯುವಿಹಾರವನ್ನು ಕೆಲಸ ಬಂದಾಗ ಯಾರೂ ಬಿಡಬಹುದು. ನಾಲ್ವರು ಕಾಯುತ್ತಿರುವ ಕಡೆಗೆ ಹೋಗದಿದ್ದರೆ ಮನೆಗೇ ಕರೆ ಬರುತ್ತದೆ. ಅಂಥದ್ದೊಂದನ್ನು ಹಿಡಿಯಿರಿ.

ಕಾರವಾರದಿಂದ, ಶುಶ್ರೂಷಕಿ

ತಮ್ಮ, ಮೊದಲು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ. ನೀವು ಸಸ್ಯಾಹಾರಿಯಾದರೆ ಬಿ12 ಕೂಡ. ರಕ್ತದೊತ್ತಡವನ್ನೂ ನೋಡಿಸಿ. ಸುಸ್ತು, ಮರೆವು, ಸಿಡುಕನ್ನೆಲ್ಲ 'ಟೆನ್ಶನ್' ಎಂದುಕೊಂಡು ವರ್ಷ ತಳ್ಳಿ, ಕೊನೆಗೆ ಥೈರಾಯ್ಡ್ ಎಂದು ತಿಳಿದವರನ್ನು ನಾನು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ.

ಗಂಟೆಗಳ ಲೆಕ್ಕ ಬೇಕೆಂದರೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು, ರಕ್ತನಾಳ ಕಟ್ಟಿ ಬರುವ ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ಅದರಲ್ಲಿದೆ. ಹೆದರಿಸಲು ಹೇಳುತ್ತಿಲ್ಲ. ಲ್ಯಾಪ್‌ಟಾಪಿನ ಗಂಟೆ ಮತ್ತು ತೋಟದ ಗಂಟೆ ಎರಡನ್ನೂ ಕೂಡಿಸಿ ನೋಡಿ.

ನಮಗೆ ರಾತ್ರಿ ಪಾಳಿ ತಪ್ಪಿದ್ದಲ್ಲ. ಮಳೆಗಾಲದಲ್ಲಿ ಹಗಲು ನಿದ್ದೆ ಹೇಗೋ ಬರುತ್ತದೆ; ಏಪ್ರಿಲ್‌ನಲ್ಲಿ ಕಾರವಾರದ ಸೆಕೆಗೆ ಹಾಸಿಗೆಯೇ ಒದ್ದೆ. ಹಾಗಾಗಿ 'ಏಳು ಗಂಟೆ ಮಲಗಿ' ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ನಗು. ಆದರೆ ರಾತ್ರಿ ಮೀಟಿಂಗ್ ಮುಗಿದ ಮೇಲೆ ಹಾಸಿಗೆಯಲ್ಲಿ ಫೋನ್ ನೋಡುತ್ತಾ ಕಳೆಯುವ ಹೊತ್ತು ಕಂಪನಿ ಕೇಳಿದ್ದಲ್ಲವಲ್ಲ? ಅದು ನಿಮ್ಮ ಕೈಯಲ್ಲೇ ಇದೆ.

ಇನ್ನೊಂದು ಮಾತು. ರಜೆಯಲ್ಲಿ ಹಗುರಾಗಿ, ಕೆಲಸಕ್ಕೆ ಮರಳಿದಾಗ ಮತ್ತೆ ಭಾರವೆನಿಸಿದರೆ ದುಡಿಮೆಯ ಕಡೆ ನೋಡಿ. ರಜೆಯಲ್ಲಿಯೂ, ಇಷ್ಟದ ಊಟ ಎದುರಿಗಿದ್ದರೂ ಏನೂ ಬೇಡವೆನಿಸುವುದು ಎರಡು ವಾರ ಬಿಡದೆ ನಡೆದರೆ, ಅಥವಾ ಬದುಕೇ ಬೇಡವೆಂಬ ಯೋಚನೆ ಒಮ್ಮೆ ಬಂದರೂ ಸಾಕು, ವೈದ್ಯರನ್ನು ಕಾಣಲೇಬೇಕು. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ. ಕನ್ನಡದಲ್ಲಿಯೇ ಮಾತನಾಡಬಹುದು.

ಹೊನ್ನಾವರದಿಂದ, ಮನೆಯಿಂದಲೇ ಕೆಲಸ ಮಾಡುವವರು

ನಿಮ್ಮದೇ ಕಸುಬು, ಆದ್ದರಿಂದ ಮೀಟಿಂಗ್ ವಿಷಯವನ್ನಷ್ಟೇ ಹೇಳುತ್ತೇನೆ. ನ್ಯೂಯಾರ್ಕಿನವರ ಬೆಳಿಗ್ಗೆ ಹತ್ತು ಗಂಟೆ ಬೇಸಗೆಯಲ್ಲಿ ನಮಗೆ ಸಂಜೆ ಏಳೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಿಟ್ಟೊಡನೆ ಅದು ಎಂಟೂವರೆಯಾಗುತ್ತದೆ, ಮಗುವಿನ ಊಟ, ನಿದ್ದೆಯ ಹೊತ್ತಿಗೇ. ನಿಮ್ಮಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಗುವುದೂ ಆಗಲೇ. ಅದಕ್ಕೆ ಮೊದಲೇ ಮಾತನಾಡಿ.

ಮಾತನಾಡುವ ಮುನ್ನ ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡಿ: ಯಾವ ಕೆಲಸ, ಯಾರು ಕೇಳಿದರು, ಎಷ್ಟು ಹೊತ್ತು ಹಿಡಿಯಿತು, 'ತುರ್ತು' ಎಂದು ಬಂದದ್ದನ್ನು ಅವರು ತೆರೆದು ನೋಡಿದ್ದು ಯಾವಾಗ. ಕೊನೆಯ ಅಂಕಣ ತುಂಬಿಸುವಾಗ ನನಗೆ ಒಳ್ಳೆಯ ಮನರಂಜನೆ ಸಿಕ್ಕಿತು. ರಾತ್ರಿ ಹನ್ನೊಂದಕ್ಕೆ ಬೇಕೇಬೇಕೆಂದು ಮಾಡಿಸಿಕೊಂಡದ್ದನ್ನು ಗುರುವಾರ ಮಧ್ಯಾಹ್ನ ತೆರೆದವರಿದ್ದರು.

ಆಮೇಲೆ ಮ್ಯಾನೇಜರ್‌ಗೆ ನಾನು ಬರೆದದ್ದು ಇಷ್ಟೇ: 'ವಾರದಲ್ಲಿ ಐದು ರಾತ್ರಿ ಮೀಟಿಂಗ್ ಇವೆ. ನಾನು ಮಾತನಾಡಬೇಕಾದದ್ದು ಎರಡರಲ್ಲಿ. ಉಳಿದ ಮೂರರ ಟಿಪ್ಪಣಿಯನ್ನು ಬೆಳಿಗ್ಗೆ ಓದಿ ಹನ್ನೊಂದರೊಳಗೆ ಉತ್ತರಿಸುತ್ತೇನೆ. ಸೋಮವಾರದಿಂದ ಹೀಗೆ ನಡೆಸಿ ತಿಂಗಳ ಕೊನೆಗೆ ನೋಡೋಣವೇ?' ಇದರಲ್ಲಿ ದಣಿವು, ಮಗು, ಅತ್ತೆ, ನೆಟ್‌ವರ್ಕ್ ಯಾವುದೂ ಇಲ್ಲ. ಕಷ್ಟ ಹೇಳಿಕೊಂಡರೆ ಅನುಕಂಪ ಸಿಗುತ್ತದೆ, ಮೀಟಿಂಗ್ ತಪ್ಪುವುದಿಲ್ಲ. ಮೂರರಲ್ಲಿ ಒಂದು ತಿರುಗಿ ಬಂತು, ಎರಡು ಹೋದವು.

ಕಾನೂನಿನ ವಿಷಯವೂ ಗೊತ್ತಿರಲಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದು ಇಟ್ಟ ಮಿತಿ ವಾರಕ್ಕೆ 48 ಗಂಟೆ, ಅದರ ಮೇಲಿನದಕ್ಕೆ ದುಪ್ಪಟ್ಟು ಕೂಲಿ. ಕಾಯ್ದೆ ಹಿಡಿದು ಜಗಳಕ್ಕೆ ಹೋಗಿ ಎನ್ನುತ್ತಿಲ್ಲ. ಆದರೆ 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದ ಮೇಲೆ ನಮ್ಮ ತಂಡದ ಎಳೆಯರು 48 ಎಂದು ಬಾಯಿ ಬಿಡಲೂ ನಾಚುತ್ತಾರೆ. ನಾಚುವಂಥದ್ದು ಅದರಲ್ಲಿ ಏನೂ ಇಲ್ಲ.

ಕಾರವಾರದ ಬೈತಖೋಲದಿಂದ, ಬೋಟಿನ ಮನೆಯವರು

'ಮೀನುಗಾರರನ್ನು ನೋಡಿ, ಮಳೆಗಾಲದಲ್ಲಿ ಹಾಯಾಗಿ ರಜೆ' ಎಂದು ಯಾರಾದರೂ ಬರೆಯುವ ಮೊದಲೇ ನಾನು ಬರೆಯುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಅದು ಮೀನು ಸಂತಾನ ಬೆಳೆಸಲಿ ಎಂದು ಮಾಡಿದ್ದು, ನಮಗೆ ವಿಶ್ರಾಂತಿ ಸಿಗಲಿ ಎಂದಲ್ಲ. ಬೋಟು ಮೇಲೆಳೆದು ತಳ ಕೆರೆಯಬೇಕು, ಬಣ್ಣ ಬಳಿಯಬೇಕು, ಎಂಜಿನ್ ಬಿಚ್ಚಿಸಬೇಕು, ಬಲೆ ಸರಿಮಾಡಬೇಕು. ಖರ್ಚು ಪೂರ್ತಿ, ಆದಾಯ ಸೊನ್ನೆ. ನನ್ನ ಗಂಡನ ಸಿಡುಕು ನೋಡಬೇಕೆಂದರೆ ಜುಲೈಯಲ್ಲಿ ಬನ್ನಿ.

ಆದರೂ ಒಂದು ಮಾತು ನಿಜ. ಆ ಎರಡು ತಿಂಗಳು ಅವರು ರಾತ್ರಿ ಮಲಗುತ್ತಾರೆ. ಏಕೆಂದರೆ ಪಕ್ಕದ ಬೋಟೂ ನಿಂತಿರುತ್ತದೆ. ಆಗಸ್ಟ್ ನಂತರ ಗಾಳಿ ಜೋರಿದ್ದಾಗ ಹೋಗದೆ ಕುಳಿತರೂ ನಿದ್ದೆ ಬಾರದು. ಇನ್ಯಾರೋ ಹೋಗಿರಬಹುದು, ಅವರಿಗೆ ಮೀನು ಬಿದ್ದಿರಬಹುದು ಎಂದು ಬಾಗಿಲಿಗೆ ಬಂದು ಬಂದು ನೋಡುತ್ತಾರೆ. ನಿಮ್ಮ ಕಂಪನಿಯಲ್ಲಿಯೂ ಅಷ್ಟೇ ಇರಬೇಕು. ನೀವೊಬ್ಬರೇ ಎಂಟು ಗಂಟೆಗೆ ಫೋನ್ ಮುಚ್ಚಿಟ್ಟರೆ ಮನಸ್ಸು ಅದರ ಸುತ್ತಲೇ ಸುತ್ತುತ್ತದೆ. ಮ್ಯಾನೇಜರ್ ಹತ್ತಿರ ಹೋಗುವ ಮುನ್ನ ಜೊತೆಗಾರರನ್ನು ಒಂದು ಮಾತಿಗೆ ತನ್ನಿ.

ಅಂಕೋಲಾದಿಂದ, ಪ್ರಾಥಮಿಕ ಶಾಲೆಯ ಶಿಕ್ಷಕಿ

ನಿಮ್ಮ ಹೆಂಡತಿಯ ದಿನ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಪ್ರಶ್ನೆಯಲ್ಲಿ ಇಲ್ಲ. ಶಾಲೆ ಎಂದರೆ ಪಾಠ ಮಾತ್ರವಲ್ಲ, ದಾಖಲೆ ತುಂಬುವುದು, ತರಬೇತಿ, ಚುನಾವಣೆ ಬಂದರೆ ಅದರ ಕೆಲಸ. ಮನೆಗೆ ಬಂದರೆ ಅಡುಗೆಮನೆ, ಮಗಳ ಓದು, ಮಾವನವರ ಮಾತ್ರೆ. ನೀವು ಮೀಟಿಂಗ್ ಬಿಡಿಸಿಕೊಂಡ ಸಂಜೆಗಳಲ್ಲಿ ಎರಡು ಅವರಿಗೆ ಹೋಗಲಿ. ಅವರು ಮಲಗಲಿ, ತಿರುಗಲಿ, ಸುಮ್ಮನೆ ಕೂರಲಿ. ನೀವು ಅಡುಗೆಮನೆಯಲ್ಲಿರಿ. ತಂಬುಳಿ ಮಾಡಲು ಯಾರೂ ಸಾಫ್ಟ್‌ವೇರ್ ಕಲಿಯಬೇಕಿಲ್ಲ.

ಕೇಳಿದವರು

ಎಲ್ಲರಿಗೂ ಕೃತಜ್ಞ. ಅಂಕೋಲಾದ ಅಕ್ಕ, ನಿಮ್ಮ ಮಾತನ್ನು ಹೆಂಡತಿ ಓದಿದಳು. ಎರಡಲ್ಲ, ಮೂರು ಸಂಜೆ ಎಂದಳು. ರಕ್ತ ಪರೀಕ್ಷೆಗೆ ನಾಳೆಯೇ ಶಿರಸಿಗೆ ಹೋಗುತ್ತೇನೆ. ಹೊನ್ನಾವರದವರು ಹೇಳಿದಂತೆ ಪುಸ್ತಕ ಇಟ್ಟಿದ್ದೇನೆ. ತಂಡದ ಇಬ್ಬರ ಜೊತೆ ಮಾತನಾಡಿದೆ, ಅವರದೂ ಇದೇ ಕಥೆ. ಕಂಪನಿಯ ದಾರಿ ಹೇಗೋ ಕಾಣುತ್ತಿದೆ. ತೋಟದ್ದೇ ಗೊತ್ತಾಗುತ್ತಿಲ್ಲ. ಕೊಯ್ಲಿನಲ್ಲಿ ರಾತ್ರಿ ಅಡಿಕೆ ಸುಲಿಯುವುದು, ಬೇಯಿಸುವುದು ಮೀಟಿಂಗ್ ಹೊತ್ತಿಗೇ ಬರುತ್ತದೆ. ಅಪ್ಪನಿಗೆ ಹೀಗೆ ಬೇಯಿಸಿ ಒಣಗಿಸಿದ ಕೆಂಪಡಿಕೆ ಬಿಟ್ಟರೆ ಬೇರೆಯದು ಅಡಿಕೆಯೇ ಅಲ್ಲ.

ಸಿದ್ದಾಪುರ ಕಡೆಯ ಕೃಷಿಕರು

ತಮ್ಮ, ನಿನಗೆ ಇರುವುದು ಎರಡು ನೌಕರಿ. ಒಂದಕ್ಕೆ ಸಂಬಳದ ಚೀಟಿ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ, ಹಾಗಾಗಿ ನೀನೂ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಸುವುದನ್ನು ಬಿಡುವಂತಿಲ್ಲ. ಕೊಳೆ ರೋಗ ಬಂದರೆ ಕೊಯ್ಯಲು ಏನೂ ಉಳಿಯುವುದಿಲ್ಲ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಬರುವ ದಿನ ನೀನು ತೋಟದಲ್ಲಿರಲೇಬೇಕು, ಅವತ್ತು ಕಂಪನಿಗೆ ರಜೆ ಹಾಕು. ಕೊಯ್ದ ಮೇಲಿನದನ್ನು ಮಾತ್ರ ಬದಲಾಯಿಸಬಹುದು.

ಒಂದು ದಾರಿ, ಹಸಿ ಅಡಿಕೆಯನ್ನೇ ಮಾರುವುದು. ಸುಲಿಯುವ, ಬೇಯಿಸುವ, ಒಣಗಿಸುವ ರಗಳೆಯೇ ಇಲ್ಲ. ಕೈಗೆ ಬರುವುದು ಕಡಿಮೆ ನಿಜ. ಆದರೆ ಸುಲಿಯುವವರ ಕೂಲಿ, ಸೌದೆ, ನಿನ್ನ ರಾತ್ರಿಗಳು ಎಲ್ಲವನ್ನೂ ಕಳೆದು ನೋಡು. ಇನ್ನೊಂದು ದಾರಿ ಚಾಲಿ. ಕಾಯಿ ಹಣ್ಣಾಗುವವರೆಗೆ ಬಿಟ್ಟು ಕೊಯ್ಯಿಸಿ, ಸಿಪ್ಪೆ ಸಹಿತ ಅಂಗಳದಲ್ಲಿ ಒಂದೂವರೆ ತಿಂಗಳಷ್ಟು ಒಣಗಿಸಿ ಚೀಲ ತುಂಬಿಸಿಟ್ಟರೆ ಸುಲಿಸುವುದು ಪುರುಸೊತ್ತಿದ್ದಾಗ. ಅಕಾಲದಲ್ಲಿ ಮಳೆ ಬಂದರೆ ಮಾತ್ರ ಓಡಿ ಮುಚ್ಚಬೇಕು. ನಾನು ಅರ್ಧ ಚಾಲಿ ಮಾಡಿ, ಅರ್ಧ ಹಸಿ ಕೊಡುತ್ತೇನೆ. ನಮ್ಮ ಮನೆಯ ಅಡಿಕೆ ಒಲೆ ಹೊಗೆಯಾಡದೆ ಎಷ್ಟೋ ಕಾಲವಾಯಿತು, ಮನೆತನದ ಮರ್ಯಾದೆಗೆ ಏನೂ ಕೊರತೆಯಾಗಿಲ್ಲ.

ಅಪ್ಪನ ಹತ್ತಿರ ಮಾತೆತ್ತುವಾಗ ದಣಿವು, ಒತ್ತಡ ಎಂದೆಲ್ಲ ಹೇಳಬೇಡ. 'ನಮ್ಮ ಕಾಲದಲ್ಲಿ' ಎಂದು ಶುರುವಾದರೆ ಎರಡು ಸಲ ಎಲೆಯಡಿಕೆಯ ಕವಳ ಮುಗಿಯುವವರೆಗೆ ನಿಲ್ಲುವುದಿಲ್ಲ. ಸುಲಿಯುವವರು ಸಿಗುತ್ತಿಲ್ಲ ಎನ್ನು. ಅದು ಸುಳ್ಳೂ ಅಲ್ಲ. ಈ ವರ್ಷಕ್ಕೆ ಒಂದು ಪಾಲು ಮಾತ್ರ ಚಾಲಿ ಮಾಡಿ ನೋಡೋಣ ಎಂದು ಕೇಳು, ಉಳಿದದ್ದನ್ನು ಅವರಿಗೆ ಬೇಕಾದಂತೆ ಕೆಂಪು ಮಾಡಿಸಲಿ.