ಅಜ್ಜ-ಅಜ್ಜಿಯ ಕಥೆಯಿಂದ ಮಕ್ಕಳಿಗೆ ಬರೆಯಲು ಕಲಿಸಿದ್ದು: ನಿಮ್ಮ ಅನುಭವ ಹೇಳಿ

ನಾಲ್ಕನೇ ತರಗತಿಯ ಮಗ ಮಾತಿನಲ್ಲಿ ಜೋರು, ಬರೆಯಲು ಕೂತರೆ ‘ನನ್ನ ಅಜ್ಜ ತುಂಬಾ ಒಳ್ಳೆಯವರು’ ಅಂತ ಮುಗಿಸಿಬಿಡುತ್ತಾನೆ. ಮನೆತನದ ಹಳೇ ಕಥೆ ಹಿಡಿದು ಬರೆಯೋದು ಕಲಿಸಿದವರಿದ್ದರೆ ದಯವಿಟ್ಟು ತಿಳಿಸಿ.

ಸಾಗರ ಕಡೆಯ ತಾಯಿ
ನನ್ನ ಮಗಳೂ ಹೀಗೇ ಇದ್ದಳು. ನಮ್ಮದು ಲಿಂಗನಮಕ್ಕಿ ಹಿನ್ನೀರಿಗೆ ಹೋದ ಮನೆ. 1964ರಲ್ಲಿ ಅಣೆಕಟ್ಟೆ ಮುಗಿಯುವ ಹೊತ್ತಿಗೆ ಊರು ಬಿಟ್ಟವರು. ‘ನಮ್ಮ ಊರು ಶರಾವತಿಯಲ್ಲಿ ಮುಳುಗಿತು’ ಅಂತ ಬರೆದು ಪೆನ್ಸಿಲ್ ಕೆಳಗಿಟ್ಟಳು. ತಪ್ಪು ಅವಳದಲ್ಲ, ಅಷ್ಟು ದೊಡ್ಡ ವಿಷಯ ಕೊಟ್ಟ ನನ್ನದು. ಆಮೇಲೆ ಅಜ್ಜಿಗೆ ಒಂದೇ ಪ್ರಶ್ನೆ ಕೇಳು ಅಂದೆ: ಮನೆ ಬಿಟ್ಟ ದಿನ ಗಾಡಿಗೆ ಏನೇನು ಹೇರಿದಿರಿ? ಅಜ್ಜಿ ಒಂದೊಂದೇ ಹೇಳುತ್ತಾ ಹೋದರು. ಹೆಂಚು, ಒರಳು ಬಿಟ್ಟು ಒನಕೆ ಮಾತ್ರ, ಚೆಂಬಿನಲ್ಲಿ ತುಳಸಿ ಗಿಡ, ಹೆಬ್ಬಾಗಿಲು. ಬಾಗಿಲು ಹೊಸ ಮನೆಗೆ ಎತ್ತರವಾಯಿತಂತೆ, ಕೆಳಗೆ ಒಂದು ಗೇಣು ಕೊಯ್ಸಿದರಂತೆ. ಮಗಳು ಎದ್ದು ಹೋಗಿ ಬಾಗಿಲ ಬುಡ ತಡವಿದಳು. ಕೆತ್ತಿದ ಬಳ್ಳಿ ಅರ್ಧಕ್ಕೇ ನಿಂತಿದೆ! ದಿನಾ ದಾಟುವ ಬಾಗಿಲು, ನಾನೇ ಗಮನಿಸಿರಲಿಲ್ಲ. ಅವತ್ತು ಎರಡು ಪುಟ ಬರೆದಳು. ಮೊದಲ ಸಾಲು: ‘ನಮ್ಮ ಬಾಗಿಲಿಗೆ ಕಾಲಿಲ್ಲ.’

ಹಾವೇರಿ ಕಡೆಯ ಮಾಸ್ತರು
ನಮ್ಮ ಕಡೆ ಸುಗ್ಗಿ ಮುಗಿದ ಮ್ಯಾಲೆ ಹೆಳವರು ಬರ್ತಾರ. ಮನೆತನದ ಹೆಸರು ತಲೆಮಾರುಗಟ್ಟಲೆ ಹೇಳಿ ಕಾಳು-ಕಡಿ ಇಸಕೊಂಡು ಹೋಗ್ತಾರ. ಅದನ್ನ ಕೇಳಿ ಬರಕೊಂಡು ಬರ್ರಿ ಅಂತ ಐದನೇತ್ತೆ ಹುಡುಗರಿಗೆ ಹೇಳಿದ್ದೆ. ಒಬ್ಬಾಕಿ ಕೇಳಿದ್ಲು, ‘ಸರ್, ಇದರಾಗ ನಮ್ಮ ಆಯಿ (ಅಜ್ಜಿ) ಹೆಸರೇ ಇಲ್ಲಲ್ರಿ?’ ಮುಂದಿನ ವಾರ ಎಲ್ಲಾರೂ ತಮ್ಮ ಆಯಿ ಯಾವ ಊರಿಂದ ಬಂದಾಕಿ, ಬರುವಾಗ ಏನು ತಂದ್ಲು ಅಂತ ಕೇಳಿ ಬರದ್ರು. ಇಪ್ಪತ್ತು ವರ್ಷದಾಗ ನಾ ಅಂಥಾ ಬರಹ ತಿದ್ದಿಲ್ಲ. ಇನ್ನೊಂದು, ಮನ್ಯಾಗ ಆಡೋ ಮಾತಿನಾಗ ಬರದ್ರ ಬರೀಲಿ. ಕೆಂಪು ಪೆನ್ನು ಎರಡನೇ ಸಲಕ್ಕ ಇಟ್ಕೋರಿ.

ಬೆಂಗಳೂರಿನ ತಂದೆ
ಅಪ್ಪ ಮಾತಿನ ಮಧ್ಯೆ ‘ಒಂದಾಣೆ’ ಅಂದರು, ಮಗ ಅಲ್ಲೇ ಹಿಡಿದ. ರೂಪಾಯಿಗೆ 16 ಆಣೆ ಇತ್ತು, 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದು ರೂಪಾಯಿಗೆ ನೂರಾಯಿತು. ಲೆಕ್ಕ ಹಾಕಿದರೆ ಆಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಯಾರದು ಅಂತ ಅಂಗಡಿಯಲ್ಲಿ ವಾದ ಆಗುತ್ತಿತ್ತಂತೆ. ಮಗ ಅದನ್ನೇ ಸಂಭಾಷಣೆ ಮಾಡಿ ಬರೆದ.

ಮಾತಿನ ನಡುವೆ ಅಪ್ಪನ ತೀರಿಹೋದ ತಂಗಿಯ ವಿಷಯ ಬಂದಾಗ ಅವರು ಸುಮ್ಮನಾದರು. ಅಲ್ಲಿಗೆ ಪುಸ್ತಕ ಮುಚ್ಚಿಸಿದೆ. ಅವರೇ ಮತ್ತೆ ಎತ್ತಿದರೆ ಬರೆದುಕೊಳ್ಳಲಿ.